ಓಟಗಾರರ ಕಟ್ಟೆ: ಶೂಗೆ ಬೈಯುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶೂ ಬಗ್ಗೆಯೇ ಇವೆ. ಕಾಲು ನೋಯುತ್ತದೆ, ಯಾವ ಶೂ? ಹಿಮ್ಮಡಿ ನೋಯುತ್ತದೆ, ಯಾವ ಶೂ? ಹೊಸಬರಿಗೆ ಒಂದು ಮಾತು ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಕೋಚೂ ಅಲ್ಲ. ಬ್ಯಾಂಕಿನ ಕುರ್ಚಿಯಲ್ಲಿ ಕೂತು ಹೊಟ್ಟೆ ಬೆಳೆಸಿಕೊಂಡು, ನಲವತ್ತರ ಹತ್ತಿರ ಓಡಲು ಶುರು ಮಾಡಿ, ಮಾಡಬಾರದ ತಪ್ಪುಗಳನ್ನೆಲ್ಲ ಒಂದೂ ಬಿಡದೆ ಮಾಡಿದವನು. ಆ ತಪ್ಪುಗಳೇ ಈ ಅಂಕಣದ ಬಂಡವಾಳ.

ಪ್ರಶ್ನೆ: ಮೂರು ತಿಂಗಳಿಂದ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದೇನೆ. ಮೊದಲು ಒಂದು ಸುತ್ತಿಗೇ ಏದುಸಿರು ಬರುತ್ತಿತ್ತು, ಈಗ ಎರಡು ಸುತ್ತು ಆರಾಮಾಗಿ ಆಗುತ್ತದೆ. ಹುಮ್ಮಸ್ಸಿನಲ್ಲಿ ಹಾಫ್ ಮ್ಯಾರಥಾನ್‌ಗೆ ಹೆಸರೂ ಕೊಟ್ಟೆ. ಈಗ ಎರಡು ವಾರದಿಂದ ಮೊಣಕಾಲಿನ ಕೆಳಗೆ, ಎಲುಬಿನ ಒಳಬದಿಯಲ್ಲಿ ನೋವು. ಓಟ ಶುರುವಾದಾಗ ಇರುತ್ತದೆ, ಬಿಸಿಯಾದ ಮೇಲೆ ಕಮ್ಮಿಯಾಗುತ್ತದೆ, ಮನೆಗೆ ಬಂದ ಮೇಲೆ ಮತ್ತೆ ಶುರು. ಶೂ ಬದಲಿಸಬೇಕಾ?
- ಹೈಸ್ಕೂಲು ಮೇಷ್ಟ್ರು, 43 ವರ್ಷ, ಮೈಸೂರು

ಉತ್ತರ: ಮೇಷ್ಟ್ರೇ, ಶೂ ಆಮೇಲೆ ನೋಡೋಣ. ಮೊದಲು ಒಂದು ಪರೀಕ್ಷೆ. ನೋಯುವ ಜಾಗವನ್ನು ಬೆರಳಿನಿಂದ ಒತ್ತುತ್ತಾ ಮೇಲಿಂದ ಕೆಳಕ್ಕೆ ಬನ್ನಿ. ನಾಲ್ಕೈದು ಬೆರಳು ಉದ್ದಕ್ಕೂ ನೋಯುತ್ತಿದ್ದರೆ ಅದು ಹೆಚ್ಚಾಗಿ ಓಟಗಾರರು ಶಿನ್ ಸ್ಪ್ಲಿಂಟ್ಸ್ ಅಂತ ಕರೆಯುವ ನೋವು. ಒಂದೇ ಒಂದು ಬಿಂದುವಿನಲ್ಲಿ ಚುರ್ ಅಂದರೆ, ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಎಲುಬಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿರಬಹುದು. ಮೊದಮೊದಲು ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗುತ್ತದೆ. "ಎಕ್ಸ್‌ರೇ ಚೆನ್ನಾಗಿದೆ, ಏನೂ ಇಲ್ಲ" ಅಂತ ಮಾರನೇ ದಿನವೇ ಓಡಿ ಮೂರು ತಿಂಗಳು ಮನೆಯಲ್ಲಿ ಕೂತವರನ್ನು ನೋಡಿದ್ದೇನೆ.

ನಿಮ್ಮ ವಿವರಣೆ ನೋಡಿದರೆ ಮೊದಲನೆಯದೇ ಅನಿಸುತ್ತದೆ. ಯಾಕೆ ಬಂತು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಉಸಿರು ಸುಧಾರಿಸಿತು, ಅದಕ್ಕೆ ದೂರ ಏರಿಸಿದಿರಿ. ಎದೆ, ಶ್ವಾಸಕೋಶ ಕೆಲವು ವಾರಗಳಲ್ಲಿ ಪಳಗುತ್ತವೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಓಟದ ಪೆಟ್ಟು ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಂಡು ಆಮೇಲೆ ಹೊಸದನ್ನು ಕಟ್ಟುತ್ತದೆ, ಹಳೇ ಗೋಡೆ ಕೆಡವಿ ಹೊಸದು ಕಟ್ಟಿದ ಹಾಗೆ. ಗೋಡೆ ಅರ್ಧ ಕೆಡವಿದ ಹೊತ್ತಿಗೆ ನೀವು ಮೇಲೆ ಇನ್ನೊಂದು ಮಹಡಿ ಏರಿಸಿದಿರಿ, ಅಷ್ಟೇ. ಮೂರನೇ ತಿಂಗಳಿನ ಹತ್ತಿರ ಇಷ್ಟೊಂದು ಜನರ ಕಾಲು ಕೈಕೊಡುವುದು ಇದಕ್ಕೇ.

ಈಗ ಹತ್ತು ಹದಿನೈದು ದಿನ ಓಟ ಬೇಡ. ನೋಯದಷ್ಟು ನಡೆಯಿರಿ, ಸೈಕಲ್ ಇದ್ದರೆ ತುಳಿಯಿರಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ದಿನ ಬಿಟ್ಟು ದಿನ ಮಾಡಿ, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದೊಂದೇ ಕಾಲಲ್ಲಿ, ಹದಿನೈದರಂತೆ ಮೂರು ಸಲ. ನಡೆದಾಗ ನೋವಿಲ್ಲ, ಒತ್ತಿದಾಗಲೂ ಇಲ್ಲ ಅಂತಾದ ಮೇಲೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷದಿಂದ ಶುರು. ವಾರಕ್ಕೆ ಮೂರೇ ದಿನ. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಇಳಿಸಿ.

ಇನ್ನೊಂದು, ನಿಮ್ಮ ವೇಗ. ಪತ್ರದ ಕೊನೆಯಲ್ಲಿ ಕಿಲೋಮೀಟರಿಗೆ ಆರು ನಿಮಿಷ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ದಿನಾ ಅದೇ ವೇಗವಾ? ಪಕ್ಕದಲ್ಲಿ ಓಡುವವರಿಗೆ ನಿನ್ನೆ ಸ್ಟಾಫ್ ರೂಮಿನಲ್ಲಿ ನಡೆದ ಜಗಳವನ್ನು ಪೂರ್ತಿ ವಾಕ್ಯಗಳಲ್ಲಿ ಹೇಳಲು ಆಗಬೇಕು, ಅದು ಸುಲಭದ ಓಟ. ವಾರದ ಹೆಚ್ಚು ಪಾಲು ಓಟ ಹಾಗೇ ಇರಬೇಕು. ನಿಮಗದು ಏಳೂವರೆ, ಎಂಟು ನಿಮಿಷ ಆಗಬಹುದು. ವಾಕಿಂಗ್ ಬಂದ ಅಜ್ಜಂದಿರು ಹಿಂದೆ ಹಾಕಿ ಹೋಗುತ್ತಾರೆ ಅನ್ನುವ ಭಯ ಇದ್ದೇ ಇರುತ್ತದೆ, ನನಗೂ ಇತ್ತು. ಹೋಗಲಿ ಬಿಡಿ. ಹಾಫ್ ಮ್ಯಾರಥಾನ್ ಅಂದರೆ 21.1 ಕಿ.ಮೀ. ಎಂಟು ವಾರದಲ್ಲಿ ಇದೆ ಅಂತೀರಿ. ಈ ವರ್ಷ ಅದೇ ಕೂಟದಲ್ಲಿ 10 ಕಿ.ಮೀ.ಗೆ ಬದಲಾಯಿಸಿಕೊಳ್ಳಲು ಆಗುತ್ತದಾ ಕೇಳಿ.

ಪ್ರಶ್ನೆ: ಬೆಳಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಗುತ್ತದೆ. ಹತ್ತು ಹೆಜ್ಜೆ ಆದ ಮೇಲೆ ಕಮ್ಮಿ. ನಾಲ್ಕು ತಿಂಗಳಾಯಿತು. ಬಿಸಿನೀರು, ಎಣ್ಣೆ, ಮೆತ್ತನೆಯ ಶೂ ಎಲ್ಲಾ ಆಯಿತು. ಓಡುವುದನ್ನೇ ಬಿಡಬೇಕಾ?
- ಗೃಹಿಣಿ, 38 ವರ್ಷ, ದಾವಣಗೆರೆ

ಉತ್ತರ: ಮೇಡಂ, ಈ ಮೊಳೆ ನನಗೆ ಚೆನ್ನಾಗಿ ಪರಿಚಯ. ಎಂಟು ತಿಂಗಳು ನನ್ನ ಎಡಗಾಲಿನಲ್ಲಿ ಇತ್ತು. ಮೂರನೇ ತಿಂಗಳಿಗೆ ಒಬ್ಬರು ಸ್ಟಿರಾಯ್ಡ್ ಸೂಜಿ ಹಾಕಿದರು, ಒಂದೂವರೆ ತಿಂಗಳು ಸ್ವರ್ಗ, ಆಮೇಲೆ ಮತ್ತೆ ಅದೇ. ನೋವಿಲ್ಲ ಅಂತ ನಾನು ಆ ಒಂದೂವರೆ ತಿಂಗಳೂ ಓಡಿದ್ದೆ ನೋಡಿ, ಅದು ನನ್ನ ದಡ್ಡತನ.

ಅಂಗಾಲಿನ ಉದ್ದಕ್ಕೆ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ, ಪ್ಲಾಂಟರ್ ಫ್ಯಾಸಿಯಾ ಅಂತಾರೆ. ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಅದು ದಣಿದು ಕೆರಳಿದಾಗ ಈ ನೋವು. ರಾತ್ರಿಯೆಲ್ಲ ಪಾದ ಮುದುಡಿ ಬಿಗಿದುಕೊಂಡಿರುತ್ತದೆ, ಬೆಳಗ್ಗೆ ಒಮ್ಮೆಲೇ ಎಳೆದಾಗ ಜೀವ ಹೋಗುತ್ತದೆ. ಅದಕ್ಕೇ ಹಾಸಿಗೆಯಲ್ಲಿ ಕೂತೇ ಒಂದು ಟವೆಲ್ಲನ್ನು ಪಾದದ ಮುಂಭಾಗಕ್ಕೆ ಸುತ್ತಿ ಮೆಲ್ಲಗೆ ನಿಮ್ಮ ಕಡೆ ಎಳೆದು ಮೂವತ್ತು ಸೆಕೆಂಡು ಹಿಡಿಯಿರಿ, ಮೂರು ನಾಲ್ಕು ಸಲ. ಆಮೇಲೆ ಇಳಿಯಿರಿ. ಇಳಿದ ತಕ್ಷಣ ಚಪ್ಪಲಿ! ನಮ್ಮ ಮನೆಗಳಲ್ಲಿ ಒಳಗೆ ಚಪ್ಪಲಿ ಹಾಕಿದರೆ ಅತ್ತೆಯವರ ಮುಖ ಹೇಗಾಗುತ್ತದೆ ಅಂತ ಗೊತ್ತು. ಮನೆಯೊಳಗೇ ಅಂತ ಒಂದು ಹೊಸ ಜೊತೆ ಬೇರೆ ಇಟ್ಟುಕೊಳ್ಳಿ, ಹೊರಗಿನದು ಅಲ್ಲ ಅಂತ ತೋರಿಸಿಯೇ ಹಾಕಿ. ಗ್ರಾನೈಟ್ ನೆಲದ ಮೇಲೆ ಒಲೆ ಮುಂದೆ ದಿನಕ್ಕೆ ಮೂರು ನಾಲ್ಕು ಗಂಟೆ ಬರಿಗಾಲಲ್ಲಿ ನಿಲ್ಲುವುದು ನೀವು ಓಡುವ ಅರ್ಧ ಗಂಟೆಗಿಂತ ಹಿಮ್ಮಡಿಗೆ ಭಾರ ಇರಬಹುದು.

ನನಗೆ ಗುಣ ಕೊಟ್ಟಿದ್ದು ಒಂದೇ ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಕಾಲ್ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಬೆರಳು ಮೇಲಕ್ಕೆ ಬಾಗುವಂತೆ ಮಾಡಿ, ಹಿಮ್ಮಡಿಯನ್ನು ಮೂರು ಸೆಕೆಂಡಿನಲ್ಲಿ ಎತ್ತಿ, ಎರಡು ಸೆಕೆಂಡು ತಡೆದು, ಮೂರು ಸೆಕೆಂಡಿನಲ್ಲಿ ಇಳಿಸುವುದು. ದಿನ ಬಿಟ್ಟು ದಿನ, ಹನ್ನೆರಡರಂತೆ ಮೂರು ಸಲ. ಸುಲಭ ಅನಿಸಿದ ಮೇಲೆ ಬೆನ್ನಿಗೆ ಬ್ಯಾಗ್ ಹಾಕಿ ಅದರಲ್ಲಿ ಪುಸ್ತಕ ತುಂಬಿ ತೂಕ ಏರಿಸುತ್ತಾ ಹೋಗಿ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು, ಎರಡೇ ವಾರಕ್ಕೆ "ಏನೂ ಆಗಲಿಲ್ಲ" ಅಂತ ನನಗೆ ಬರೆಯಬೇಡಿ. ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿ ಮೇಲೆ ಅಂಗಾಲು ಉರುಳಿಸಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ.

ಓಟ ಪೂರ್ತಿ ಬಿಡಬೇಕಿಲ್ಲ. ಮಾರನೇ ದಿನ ಬೆಳಗಿನ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ನಿನ್ನೆ ಓಡಿದ್ದು ಹೆಚ್ಚಾಯಿತು ಅಂತ ಲೆಕ್ಕ.

ಪ್ರಶ್ನೆ: ಇಪ್ಪತ್ತು ಸಾವಿರ ಕೊಟ್ಟು ಕಾರ್ಬನ್ ಪ್ಲೇಟ್ ಇರುವ ಶೂ ತಗೊಳ್ಳಬೇಕು ಅಂತಿದ್ದೇನೆ. ಈಗ 10 ಕಿ.ಮೀ.ಗೆ 68 ನಿಮಿಷ. ಒಂದು ಗಂಟೆಯೊಳಗೆ ಬರಬಹುದಾ? ಅಥವಾ ಬರಿಗಾಲೇ ಒಳ್ಳೆಯದು ಅಂತಾರಲ್ಲ, ಅದು ನಿಜವಾ?
- ಸಾಫ್ಟ್‌ವೇರ್ ಉದ್ಯೋಗಿ, 29 ವರ್ಷ, ಹುಬ್ಬಳ್ಳಿ

ಉತ್ತರ: ಇಪ್ಪತ್ತು ಸಾವಿರ, ಇಲ್ಲವಾದರೆ ಸೊನ್ನೆ! ಮಧ್ಯದಲ್ಲಿ ಏನೂ ಇಲ್ವಾ ತಮ್ಮಾ?

ದಪ್ಪ ಫೋಮ್ ಅಡಿಭಾಗದೊಳಗೆ ಗಟ್ಟಿ ಕಾರ್ಬನ್ ಹಾಳೆ ಕೂರಿಸಿದ ಆ ಶೂಗಳಲ್ಲಿ ಹುರುಳಿಲ್ಲ ಅಂತಲ್ಲ. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನಿನ 42.195 ಕಿ.ಮೀ. ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ್ದು ಅಂಥದ್ದೇ ಶೂನಲ್ಲಿ. ಮುಂದಿನ ವರ್ಷವೇ ರಸ್ತೆ ಓಟದ ಶೂ ಅಡಿಭಾಗ 40 ಮಿ.ಮೀ.ಗಿಂತ ದಪ್ಪ ಇರಬಾರದು, ಒಂದಕ್ಕಿಂತ ಹೆಚ್ಚು ಪ್ಲೇಟ್ ಇರಬಾರದು ಅಂತ ನಿಯಮವೇ ಬಂತು. ಆದರೆ ಆ ಫೋಮ್ ಮೆತ್ತಗೆ, ಎತ್ತರ, ಪಕ್ಕಕ್ಕೆ ವಾಲುತ್ತದೆ, ಬೇಗ ಸಾಯುತ್ತದೆ. 68 ನಿಮಿಷದವರಿಗೆ ಅದರ ಲಾಭ ತೀರಾ ಕಮ್ಮಿ. ವಾರಕ್ಕೆ ಇನ್ನೊಂದು ದಿನ ನಿಧಾನವಾಗಿ ಓಡಿದರೆ ಎಂಟು ನಿಮಿಷ ತಾನಾಗಿ ಇಳಿಯುವ ವಯಸ್ಸು ನಿಮ್ಮದು.

ಬರಿಗಾಲಿನ ಮಾತು ಬಂದಾಗಲೆಲ್ಲ ಅಬೆಬೆ ಬಿಕಿಲಾ ಹೆಸರು ಬರುತ್ತದೆ. 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಅನ್ನು ಬರಿಗಾಲಲ್ಲಿ ಗೆದ್ದ ಇಥಿಯೋಪಿಯಾದ ವೀರ. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡೂ ಗೆದ್ದರು, ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಶಿವನಾಥ್ ಸಿಂಗ್ ಅವರೂ ಬರಿಗಾಲ ಓಟಕ್ಕೆ ಹೆಸರಾದವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ಮ್ಯಾರಥಾನ್ ದಾಖಲೆಯನ್ನು ನಾಲ್ಕು ದಶಕ ದಾಟಿದರೂ ಯಾರೂ ಮುಟ್ಟಿರಲಿಲ್ಲ. ಅವರ ಪಾದ ಚಿಕ್ಕಂದಿನಿಂದ ಪಳಗಿದ್ದು. ನಿಮ್ಮದು ಎಸಿ ಆಫೀಸಿನಲ್ಲಿ ಸಾಕ್ಸ್ ಒಳಗೆ ಬೆಳೆದದ್ದು, ಮೇಲಾಗಿ ಹುಬ್ಬಳ್ಳಿ ರಸ್ತೆ. ಬೇಡ.

ಐದಾರು ಸಾವಿರದ ಸಾದಾ ಟ್ರೇನಿಂಗ್ ಶೂ ಸಾಕು. ಸಂಜೆ ಹೊತ್ತು ಅಂಗಡಿಗೆ ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ. ಓಡುವ ಸಾಕ್ಸ್ ಹಾಕಿಕೊಂಡೇ ನೋಡಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಅಂಗಡಿಯವರು ಎಷ್ಟೇ ಗುರಾಯಿಸಿದರೂ ನಾಲ್ಕು ಹೆಜ್ಜೆ ಓಡಿಯೇ ನೋಡಿ. ಒಂದು ಜೊತೆ ಸಾಧಾರಣವಾಗಿ 500ರಿಂದ 800 ಕಿ.ಮೀ. ಬರುತ್ತದೆ. ಮಳೆಗಾಲದಲ್ಲಿ ಒದ್ದೆಯಾದರೆ ಇನ್‌ಸೋಲ್ ತೆಗೆದು ಒಳಗೆ ನ್ಯೂಸ್ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಬಿಸಿಲಲ್ಲಿ ಅಥವಾ ಒಲೆ ಪಕ್ಕ ಇಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಮಂಗಳೂರಿನ ಸೆಕೆಯಲ್ಲಿ ಹತ್ತು ಕಿಲೋಮೀಟರ್ ಓಡಿದರೆ ಅಂಗಿ ಹಿಂಡಬಹುದು. ಎಷ್ಟು ನೀರು ಕುಡಿಯಬೇಕು? ಗೆಳೆಯರು ಕಿಲೋಮೀಟರಿಗೊಮ್ಮೆ ಕುಡಿ ಅಂತಾರೆ. ಓಡುವ ಮೊದಲು ನೋವಿನ ಮಾತ್ರೆಯನ್ನೂ ತಗೊಳ್ಳುತ್ತಾರೆ.
- ಕಾಲೇಜು ವಿದ್ಯಾರ್ಥಿ, 21 ವರ್ಷ, ಮಂಗಳೂರು

ಉತ್ತರ: ಮಾತ್ರೆ ಮೊದಲು. ಬೇಡ. ಐಬುಪ್ರೊಫೆನ್ ಥರದ ಮಾತ್ರೆ ನುಂಗಿ, ಮೈಯಲ್ಲಿ ನೀರು ಕಮ್ಮಿಯಾಗಿರುವಾಗ ಓಡುವುದು ಕಿಡ್ನಿಗೆ ಕಷ್ಟ. ಮಾತ್ರೆ ಇಲ್ಲದೆ ಓಡಲಾಗದ ದಿನ ಓಡಬಾರದ ದಿನ.

ನೀರಿನ ವಿಷಯ. ಕರಾವಳಿಯಲ್ಲಿ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಅದಕ್ಕೆ ಎಷ್ಟು ನೀರು ಕುಡಿದರೂ ಅಲ್ಲಿ ಬೆಂಗಳೂರಿನ ವೇಗ ಬರುವುದಿಲ್ಲ, ನಿಧಾನ ಮಾಡಲೇಬೇಕು. ಒಂದು ದಿನ ಓಡುವ ಮೊದಲು, ಓಡಿದ ಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಹೋಗಿದೆ ಅಂತ. ತೂಕ ಏರಿದ್ದರೆ? ಅತಿಯಾಗಿ ಕುಡಿದಿದ್ದೀರಿ. ಇದು ತಮಾಷೆಯಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13% ಜನರಲ್ಲಿ ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನ ಅಂಶ, ಕಮ್ಮಿಯಾಗಿತ್ತು, ಓಡುತ್ತಾ ತೂಕ ಏರಿಸಿಕೊಂಡವರಲ್ಲೇ ಇದು ಜಾಸ್ತಿ. ತೀರಾ ಇಳಿದರೆ ಜೀವಕ್ಕೇ ಅಪಾಯ. ಬಾಯಾರಿದಾಗ ಕುಡಿಯಿರಿ. ಒಂದು ಗಂಟೆ ದಾಟುವ ಓಟಕ್ಕೆ ಓಆರ್‌ಎಸ್ ಜೊತೆಗಿರಲಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆಗೆ ಸಮ ಯಾವುದೂ ಇಲ್ಲ.

ಚುಟುಕಾಗಿ ಕೆಲವು. ಚಾಮುಂಡಿ ಬೆಟ್ಟ ಇಳಿದು ಬಂದ ಮೇಲೆ ಹೆಬ್ಬೆರಳ ಉಗುರು ಕಪ್ಪಾಯಿತು ಅಂದವರಿಗೆ: ಇಳಿಜಾರಿನಲ್ಲಿ ಪಾದ ಮುಂದೆ ಜಾರಿ ಬೆರಳು ಶೂ ಮೂತಿಗೆ ಗುದ್ದಿದೆ. ಉಗುರು ಕಿತ್ತುಕೊಳ್ಳಬೇಡಿ, ತಾನಾಗಿ ಬಿದ್ದು ಹೊಸದು ಬರುತ್ತದೆ. ಶೂನಲ್ಲಿ ಎಲ್ಲಕ್ಕಿಂತ ಮೇಲೆ, ಯಾತಕ್ಕೆ ಅಂತಲೇ ಗೊತ್ತಾಗದ ಒಂದು ತೂತು ಇರುತ್ತದಲ್ಲ, ಲೇಸನ್ನು ಅದರೊಳಗೆ ಕುಣಿಕೆ ಮಾಡಿ ಕಟ್ಟಿದರೆ ಹಿಮ್ಮಡಿ ಅಲ್ಲಾಡುವುದಿಲ್ಲ.

ಹೆಸರು ಬೇಡ ಅಂತ ಎರಡೆರಡು ಸಲ ಬರೆದಿರುವ, ಎದೆತೊಟ್ಟಿನಿಂದ ರಕ್ತ ಬಂತು ಅಂತ ಗಾಬರಿಯಾದ ತುಮಕೂರಿನವರಿಗೆ: ನಾಚಿಕೊಳ್ಳಬೇಡಿ, ದೂರ ಓಡುವ ಗಂಡಸರಲ್ಲಿ ಇದು ಮಾಮೂಲು. ಒದ್ದೆ ಕಾಟನ್ ಬನಿಯನ್ ಉಜ್ಜಿದ್ದು. ಅದನ್ನು ಬಿಟ್ಟು ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ, ಓಡುವ ಮೊದಲು ಅಲ್ಲಿಗೆ ಪೇಪರ್ ಟೇಪ್ ಅಂಟಿಸಿ. ತೊಡೆಸಂದಿಗೆ ಪೆಟ್ರೋಲಿಯಂ ಜೆಲ್ಲಿ.

ಬೆಳಗ್ಗೆ ಐದಕ್ಕೆ ಬೀದಿ ನಾಯಿಗಳ ಕಾಟ ಅಂದವರಿಗೆ: ಓಟ ನಿಲ್ಲಿಸಿ, ಬೆನ್ನು ತೋರಿಸದೆ ನಡೆಯಿರಿ. ನಿಮ್ಮ ವೇಗದ ಪರೀಕ್ಷೆ ನಾಯಿ ಜೊತೆ ಬೇಡ. ಹಲ್ಲು ತಾಗಿ ಸಣ್ಣ ಗೀರಾದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿ.

ಪ್ರಶ್ನೆ: ನಮ್ಮ ಮನೆಯಾಕಿ ದಿನಾ ಒಂದೇ ಮಾತು: "ಈ ವಯಸ್ಸಿನ್ಯಾಗ ಓಡಿದ್ರ ಮೊಣಕಾಲು ಸವದ್ ಹೋಗ್ತಾವ." ನಿಜವೇ?
- ನಿವೃತ್ತಿ ಹತ್ತಿರದ ನೌಕರ, 57 ವರ್ಷ, ಧಾರವಾಡ

ಉತ್ತರ: ಸರ್, ಅಕ್ಕಾವ್ರಿಗೆ ಈ ಲೆಕ್ಕ ಓದಿ ಹೇಳಿ. 2017ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ 3.5% ಜನರಿಗೆ ಮೊಣಕಾಲು ಅಥವಾ ಸೊಂಟದ ಕೀಲು ಸವೆತ ಇತ್ತು. ಓಡದೇ ಕೂತವರಲ್ಲಿ 10.2%. ಸ್ಪರ್ಧೆಗೆಂದೇ ಓಡಿದವರಲ್ಲಿ 13.3%. ಮೊಣಕಾಲು ಕೆಟ್ಟವರು ಓಟ ಬಿಟ್ಟು ಕೂತವರ ಗುಂಪಿಗೆ ಸೇರಿರಬಹುದು, ಹಾಗಾಗಿ ಓಟವೇ ಕೀಲು ಉಳಿಸಿತು ಅಂತ ನಾನು ಪ್ರಮಾಣ ಮಾಡುವುದಿಲ್ಲ. ಹದವಾಗಿ ಓಡಿದರೆ ಸವೆಯುತ್ತದೆ ಅನ್ನುವುದಕ್ಕಂತೂ ಆಧಾರ ಇಲ್ಲ. ನಿಮಗಾಗಲೇ ಮೊಣಕಾಲು ಊದಿಕೊಳ್ಳುತ್ತಿದ್ದರೆ ಮಾತು ಬೇರೆ.

ನನಗೆ ನಿಮ್ಮ ಮೊಣಕಾಲಿಗಿಂತ ಎದೆಯ ಚಿಂತೆ. ಬಿಪಿ, ಶುಗರ್ ಇದೆಯಾ ಬರೆದಿಲ್ಲ. ಇದ್ದರೆ, ಅಥವಾ ಏರು ಹತ್ತುವಾಗ ಎದೆ ಬಿಗಿದಂತಾದರೆ, ಡಾಕ್ಟರಿಗೆ ತೋರಿಸಿ ಅವರು ಸರಿ ಅಂದ ಮೇಲೇ ಓಟ. ಯೂನಿವರ್ಸಿಟಿ ಕ್ಯಾಂಪಸ್‌ನ ಏರುಗಳಲ್ಲಿ ನಡೆಯಿರಿ, ಸಮತಟ್ಟು ಬಂದಾಗ ಮಾತ್ರ ಓಡಿ.

ಮುಂದಿನ ಸಂಚಿಕೆಗೆ ಬರೆಯುವವರು ಶೂ ಹೆಸರಿನ ಜೊತೆಗೆ ವಾರಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ನಿಮಿಷದಲ್ಲಿ, ಹೋದ ತಿಂಗಳು ಎಷ್ಟಿತ್ತು ಅಂತಲೂ ಬರೆಯಿರಿ. ಶೂ ಹೆಸರು ಮರೆತರೂ ಪರವಾಗಿಲ್ಲ.