ಸಾಯೂರ್ ಆಸೆಮ್‌ಗೆ ಒಗ್ಗರಣೆ ಬೇಡ

ಇಂಡೋನೇಷ್ಯಾದ ಹುಣಸೆ ಹುಳಿಯ ತರಕಾರಿ ಸೂಪ್ ಸಾಯೂರ್ ಆಸೆಮ್ ಮಾಡಲು ಹೋದರೆ ನಮ್ಮ ಹುಣಸೆ ಸಾರಿನಂತೆಯೇ ಆಗುತ್ತದೆ, ಅದಕ್ಕೆ ಹಾಕುವ ಸೀಗಡಿ ಪೇಸ್ಟ್ ಟೆರಾಸಿ ಬಿಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ನೀವು ಒಗ್ಗರಣೆ, ಸಾರಿನ ಪುಡಿ ಹಾಕಿರಬೇಕು, ಅಲ್ವಾ? ಎರಡೂ ಬೇಡ.

ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ರುಬ್ಬಿ ಕುದಿಯುವ ನೀರಿಗೆ ಹಾಕಿ. ಹಸಿ ಕಡಲೆಕಾಯಿ ಬೀಜ, ಮುಸುಕಿನ ಜೋಳದ ತುಂಡು, ಎಳೆ ಹಲಸು ಮೊದಲು. ಬೀಜ ಬೆರಳಲ್ಲಿ ಒತ್ತಿದರೆ ಮೆತ್ತಗಾಗಿರಬೇಕು, ಆಮೇಲೆ ಸೀಮೆಬದನೆ, ಅಲಸಂದೆಕಾಯಿ. ಹುಣಸೆ ರಸ ಕೊನೆಗೆ. ಹುಳಿ ಮೊದಲೇ ಬಿದ್ದರೆ ತರಕಾರಿ ಬೇಗ ಬೇಯುವುದಿಲ್ಲ. ಬೆಲ್ಲ ಸ್ವಲ್ಪ ಜಾಸ್ತಿಯೇ ಇರಲಿ.

ಟೆರಾಸಿ ಅಂದರೆ ಹುದುಗಿಸಿದ ಸೀಗಡಿ. ಸಸ್ಯಾಹಾರಿಗಳಾದರೆ ಸುಮ್ನೆ ಬಿಟ್ಟುಬಿಡಿ. ರುಚಿ ಸ್ವಲ್ಪ ಸಪ್ಪೆಯಾಗುತ್ತದೆ, ಕೆಡುವುದಿಲ್ಲ. ಶುಂಠಿ ಜಾತಿಯದೇ ಗೆಡ್ಡೆಯಾದ ಗಲಾಂಗಲ್ ಮಾತ್ರ ಹುಡುಕಿ ತನ್ನಿ. ಅದರ ಬದಲು ಶುಂಠಿ ಹಾಕಿದರೆ ಮತ್ತೆ ಸಾರಿನ ವಾಸನೆಯೇ ಬರುತ್ತದೆ.