ಆ ಇಂಜೆಕ್ಷನ್ ಕೆಲಸ ಮಾಡಲಿಲ್ಲ, ನಿಜ

ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇಷ್ಟು: ಕೆಳಗಿನ ದವಡೆಹಲ್ಲಿನ ನೋವಿನಿಂದ ರಾತ್ರಿ ನಿದ್ದೆಯಿಲ್ಲ. ಊರಿನ ದಂತವೈದ್ಯರು ಶಿವಮೊಗ್ಗದ ರೂಟ್ ಕೆನಾಲ್ (ಹಲ್ಲಿನ ಬೇರಿನ ನಾಳಗಳನ್ನು ಶುಚಿಮಾಡಿ ತುಂಬುವ ಚಿಕಿತ್ಸೆ) ತಜ್ಞರ ಹತ್ತಿರ ಹೋಗಲು ಹೇಳಿದ್ದಾರೆ. ಹಿಂದೊಮ್ಮೆ ಬೇರೆ ಕಡೆ ಇದೇ ಚಿಕಿತ್ಸೆಗೆ ಕುಳಿತಾಗ ಇಂಜೆಕ್ಷನ್ ಕೊಟ್ಟ ಮೇಲೂ ತಡೆಯಲಾರದ ನೋವಾಗಿ, ಎದೆ ಡವಡವ ಹೊಡೆದುಕೊಂಡು, ಅರ್ಧಕ್ಕೇ ಎದ್ದು ಬಂದರಂತೆ. ‘ಏನೂ ಆಗುವುದಿಲ್ಲ, ಸುಮ್ಮನೆ ಕೂರಿ’ ಎಂದು ಗದರಿಸಿಕೊಂಡದ್ದು ಬೇರೆ. ‘ಹಲ್ಲು ಕೀಳಿಸಿಬಿಡಲೇ? ತಜ್ಞರು ಹೆಚ್ಚಿಗೆ ಏನು ಮಾಡುತ್ತಾರೆ? ಈ ವಯಸ್ಸಿನಲ್ಲಿ ಮಗಳನ್ನು ಜೊತೆಗೆ ಕರೆದುಕೊಂಡು ಹೋದರೆ ನಗುತ್ತಾರೆಯೇ?’ ಎಂದು ಕೇಳಿದ್ದಾರೆ.

ಮೇಷ್ಟರೇ,

ಆವತ್ತು ನಿಮಗೆ ನೋವಾದದ್ದು ನಿಜ. ಅದು ಹೆದರಿಕೆಯಿಂದ ಹುಟ್ಟಿದ ಭ್ರಮೆಯಲ್ಲ. ಇದನ್ನು ಆಗಲೇ ಯಾರಾದರೂ ನಿಮಗೆ ಹೇಳಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಹಲ್ಲಿನ ತಿರುಳಿನಲ್ಲಿ ನರವಿದೆ, ರಕ್ತನಾಳಗಳಿವೆ. ಹುಳುಕು ಅಲ್ಲಿಯವರೆಗೆ ಇಳಿದಾಗ ತಿರುಳು ಬಾತುಕೊಳ್ಳುತ್ತದೆ. ಸುತ್ತಲೂ ಗಟ್ಟಿಗೋಡೆ ಇರುವುದರಿಂದ ಹಿಗ್ಗಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುತ್ತದೆ, ಆದ್ದರಿಂದಲೇ ಹಗಲು ಹೇಗೋ ತಡೆದುಕೊಂಡ ನೋವು ರಾತ್ರಿ ಎಬ್ಬಿಸಿ ಕೂರಿಸುತ್ತದೆ. ಹೀಗೆ ಕೆರಳಿದ ಕೆಳದವಡೆಯ ಹಲ್ಲನ್ನು ಮರಗಟ್ಟಿಸುವುದು ದಂತವೈದ್ಯರ ಕೆಲಸಗಳಲ್ಲಿ ಬಹಳ ತ್ರಾಸದಾಯಕವಾದದ್ದು. ಅಲ್ಲಿನ ಮೂಳೆ ದಪ್ಪ. ಹಲ್ಲಿನ ಪಕ್ಕದಲ್ಲೇ ಚುಚ್ಚಿದ ಔಷಧ ಸುಲಭವಾಗಿ ಒಳಗಿಳಿಯುವುದಿಲ್ಲ. ಹಾಗಾಗಿ ದವಡೆಯ ಹಿಂಬದಿಯಲ್ಲಿ ನರ ಮೂಳೆಯೊಳಗೆ ಹೋಗುವ ಜಾಗದ ಹತ್ತಿರ ಔಷಧ ಬಿಡಬೇಕು. ಅದು ಸರಿಯಾದ ಜಾಗಕ್ಕೇ ಬಿದ್ದು ತುಟಿ ಜೋಮು ಹಿಡಿದರೂ ಬಾತುಕೊಂಡ ತಿರುಳಿನ ನರಗಳು ಎಚ್ಚರವಾಗಿಯೇ ಇರಬಹುದು. ತುಟಿ ದಪ್ಪಗಾಯಿತು ಎಂದು ನೀವು ಹೇಳಿರುತ್ತೀರಿ, ಅವರು ಡ್ರಿಲ್ ಹಿಡಿದಿರುತ್ತಾರೆ.

ತಜ್ಞರು ಇಲ್ಲಿ ತುಟಿಯನ್ನು ನಂಬಿ ಕೂರುವುದಿಲ್ಲ. ನಿಮ್ಮ ಪತ್ರ ಬಂದ ಮೇಲೆ ಪರಿಚಯದ ತಜ್ಞವೈದ್ಯೆಯೊಬ್ಬರು ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಇಂಜೆಕ್ಷನ್ ಕೊಟ್ಟು ಕಾದ ಮೇಲೆ ಹತ್ತಿಯ ತುಣುಕಿಗೆ ಮಂಜಿನಷ್ಟು ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸಿದರು. ರೋಗಿ ‘ಜುಂ ಎನ್ನುತ್ತಿದೆ’ ಎಂದರು. ಡ್ರಿಲ್ಲನ್ನು ಮುಟ್ಟದೆ ಹಲ್ಲಿನ ಪಕ್ಕದ ಒಸಡಿಗೆ ಇನ್ನಷ್ಟು ಔಷಧ ಕೊಟ್ಟು, ಕಾದು, ಮತ್ತೆ ತಣ್ಣಗಿನ ಹತ್ತಿ ಇಟ್ಟರು. ಏನೂ ಗೊತ್ತಾಗದಿದ್ದಾಗಲೇ ಶುರುಮಾಡಿದ್ದು. ಇಷ್ಟಾದರೂ ಸಾಲದಿದ್ದರೆ ಹಲ್ಲಿಗೂ ಮೂಳೆಗೂ ನಡುವಿನ ಸಂದಿಗೆ, ಕೊನೆಗೆ ತಿರುಳಿಗೇ ಔಷಧ ಕೊಡುವ ದಾರಿಯೂ ಇದೆ. ತಿರುಳಿಗೆ ಕೊಡುವುದು ಒಂದು ಕ್ಷಣ ಚುರುಕ್ಕೆನ್ನುತ್ತದೆ. ಅದನ್ನು ಮೊದಲೇ ಹೇಳಿಯೇ ಕೊಡುತ್ತಾರೆ.

ಇನ್ನು ಎದೆ ಹೊಡೆದುಕೊಂಡದ್ದು. ಈ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಇರುವುದು ಲಿಗ್ನೊಕೇನ್. ಅದು ಬೇಗ ರಕ್ತಕ್ಕೆ ಸೇರಿಹೋಗದಿರಲೆಂದು ಜೊತೆಗೆ ಚೂರು ಅಡ್ರಿನಲಿನ್ ಬೆರೆಸಿರುತ್ತಾರೆ. ಹೆದರಿದಾಗ ನಮ್ಮ ದೇಹ ಬಿಡುಗಡೆ ಮಾಡುವುದೂ ಇದನ್ನೇ. ಔಷಧದ ಡವಡವಕ್ಕೆ ಹೆದರಿಕೆಯ ಡವಡವ ಸೇರಿಕೊಂಡರೆ ಹೃದಯಾಘಾತವೇ ಆಯಿತು ಎನ್ನಿಸುವುದು ಸಹಜ. ಔಷಧದಿಂದಾದದ್ದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ನಿಧಾನವಾಗಿ ಚುಚ್ಚಿದರೆ ಅಷ್ಟು ಏರುವುದೂ ಇಲ್ಲ. ನಿಮಗೆ ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಕುರ್ಚಿಗೆ ಏರುವ ಮೊದಲೇ ಹೇಳಿ.

‘ಏನೂ ಆಗುವುದಿಲ್ಲ’ ಎನ್ನುವ ಮಾತಿನ ಮೇಲೆ ನನಗೆ ಸಿಟ್ಟಿದೆ. ಹೆದರಿದವನಿಗೆ ಬೇಕಾದದ್ದು ಏನೇನು ಆಗುತ್ತದೆ ಎಂಬ ವಿವರ, ಮತ್ತು ಬೇಡವೆನಿಸಿದಾಗ ನಿಲ್ಲಿಸುವ ಅಧಿಕಾರ. ನಾರ್ಮನ್ ಕೋರಾ ಎಂಬ ಅಮೆರಿಕದ ಸಂಶೋಧಕರು 1969ರಲ್ಲಿ ದಂತಚಿಕಿತ್ಸೆಯ ಭಯವನ್ನು ಅಳೆಯಲು ನಾಲ್ಕು ಪ್ರಶ್ನೆಗಳ ಪಟ್ಟಿ ಮಾಡಿದರು. ಅದರ ಮೊದಲ ಪ್ರಶ್ನೆ, ನಾಳೆ ಹಲ್ಲಿನ ಡಾಕ್ಟರ ಬಳಿ ಹೋಗಬೇಕೆಂದಿದ್ದರೆ ನಿಮಗೆ ಹೇಗೆನಿಸುತ್ತದೆ ಎಂಬುದು. ಕುರ್ಚಿಯ ಮಾತು ಬರುವುದು ಆಮೇಲೆ. ಭಯ ಹಿಂದಿನ ದಿನವೇ ಶುರುವಾಗುತ್ತದೆ ಎಂಬುದು ಆ ಪಟ್ಟಿ ಓದಿದವರಿಗೆ ಗೊತ್ತು. ಆದ್ದರಿಂದ ಮೊದಲ ಸಲ ಶಿವಮೊಗ್ಗಕ್ಕೆ ಹೋದಾಗ, ಆಗುವುದಾದರೆ, ಬರೀ ಎಕ್ಸ್‌ರೇ ಮತ್ತು ಮಾತುಕತೆಗೆಂದು ಹೋಗಿ. ‘ಹಿಂದೆ ಇಂಜೆಕ್ಷನ್ ಹಿಡಿಯಲಿಲ್ಲ, ಎದ್ದು ಬಂದೆ’ ಎಂಬ ಒಂದೇ ವಾಕ್ಯ ಸಾಕು, ತಜ್ಞರಿಗೆ ಅದು ದೂರಲ್ಲ, ಮಾಹಿತಿ. ಎಡಗೈ ಎತ್ತಿದರೆ ನಿಲ್ಲಿಸುತ್ತೀರಾ ಎಂದೂ ಕೇಳಿ. ಒಪ್ಪದವರಿದ್ದರೆ ಬೇರೆಯವರನ್ನು ಹುಡುಕಿ.

ಕೈಸನ್ನೆಯೇ ಏಕೆಂದರೆ, ಬಾಯಿ ಮಾತಿಗೆ ಸಿಗುವುದಿಲ್ಲ. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ಹಾಳೆ ಬಿಗಿದಿರುತ್ತಾರೆ. 1864ರಿಂದ ಬಳಕೆಯಲ್ಲಿರುವ ಉಪಕರಣ ಇದು. ಮೊದಲ ನೋಟಕ್ಕೆ ಉಸಿರು ಕಟ್ಟೀತು ಎನಿಸುತ್ತದೆ, ಆದರೆ ಮೂಗು ಆರಾಮಾಗಿ ತೆರೆದೇ ಇರುತ್ತದೆ. ನೀರು, ಔಷಧ, ಸಣ್ಣ ಸಲಕರಣೆ ಯಾವುದೂ ಗಂಟಲಿಗೆ ಜಾರದಂತೆ ಅದು ತಡೆಯುತ್ತದೆ. ತುದಿಯಲ್ಲಿ 0.10 ಮಿಲಿಮೀಟರಿನಷ್ಟೇ ದಪ್ಪದ, ಸೂಜಿಯಂಥ ಅರಗಳಾದ ಫೈಲ್‌ಗಳನ್ನು ಬೇರಿನೊಳಗೆ ಆಡಿಸುವಾಗ ಇದು ಸಣ್ಣ ವಿಷಯವಲ್ಲ. ಆ ಫೈಲ್ ಬೇರಿನ ತುದಿ ಮುಟ್ಟಿತೋ ಇಲ್ಲವೋ ಎಂದು ಹೇಳುವ ಯಂತ್ರ ಬೀಪ್ ಬೀಪ್ ಎನ್ನುತ್ತದೆ. ಆ ಸದ್ದು ನಿಮ್ಮ ನಾಡಿಯದ್ದಲ್ಲ, ಗಾಬರಿಯಾಗಬೇಡಿ. ಬ್ಲೀಚಿಂಗ್ ಪೌಡರಿನಂಥ ವಾಸನೆ ಬಂದರೆ ಅದು ನಾಳಗಳನ್ನು ತೊಳೆಯುವ ದ್ರಾವಣ. ಕೊನೆಗೆ ಆ ನಾಳಗಳಿಗೆ ತುಂಬುವ ಗಟಾಪರ್ಚಾ ಎಂಬ ರಬ್ಬರಿನಂಥ ವಸ್ತು ಮಲಯದ ಕಾಡುಮರದ ಹಾಲಿನಿಂದ ಬಂದದ್ದು. ಅದೇ ಕುಲದ ಮರವೊಂದು ನಿಮ್ಮ ಆಗುಂಬೆಯ ಕಾಡಿನಲ್ಲೂ ಇದೆ.

ತಜ್ಞರೆಂದರೆ ದಂತವೈದ್ಯ ಪದವಿಯಾದ ಬಿಡಿಎಸ್ ಮುಗಿಸಿ ಇದೇ ವಿಷಯದಲ್ಲಿ ಮತ್ತೆ ಮೂರು ವರ್ಷ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಓದಿದವರು. ಎಲ್ಲ ರೂಟ್ ಕೆನಾಲ್‌ಗೂ ಅವರೇ ಬೇಕೆಂದಿಲ್ಲ, ಮುಂಬದಿಯ ಹಲ್ಲುಗಳನ್ನು ನಿಮ್ಮ ಊರಿನ ವೈದ್ಯರೇ ಚೆನ್ನಾಗಿ ಮಾಡಿಯಾರು. ದವಡೆಹಲ್ಲಿನಲ್ಲಿ ಮೂರೋ ನಾಲ್ಕೋ ನಾಳಗಳಿರುತ್ತವೆ, ಬಾಗಿರುತ್ತವೆ, ವಯಸ್ಸಾದಂತೆ ಕಿರಿದಾಗುತ್ತವೆ. ಒಂದು ಕೈತಪ್ಪಿದರೂ ಸೋಂಕು ಅಲ್ಲೇ ಉಳಿಯುತ್ತದೆ. ನಿಮ್ಮನ್ನು ಶಿವಮೊಗ್ಗಕ್ಕೆ ಕಳಿಸಿದ ವೈದ್ಯರು ಪ್ರಾಮಾಣಿಕರು ಎಂದೇ ನನ್ನ ಲೆಕ್ಕ.

ಕೀಳಿಸುವ ಮಾತು: ಉಳಿಸಲಾಗದ ಹಲ್ಲಾದರೆ ಕೀಳಿಸಲೇಬೇಕು, ಅದನ್ನು ಎಕ್ಸ್‌ರೇ ನೋಡಿದವರು ಹೇಳಲಿ. ಭಯಕ್ಕೆ ಮಾತ್ರ ಕೀಳಿಸಬೇಡಿ, ಕೀಳುವುದಕ್ಕೂ ಬೇಕಾದದ್ದು ಅದೇ ಇಂಜೆಕ್ಷನ್ ತಾನೆ! ಅಲ್ಲಿಯವರೆಗೆ ಔಷಧ ಅಂಗಡಿಯಲ್ಲಿ ಆಂಟಿಬಯೋಟಿಕ್ ಕೇಳಿ ನುಂಗುವುದು ದಂಡ, ತಿರುಳಿನ ಈ ನೋವು ಅದಕ್ಕೆ ಬಗ್ಗುವುದಿಲ್ಲ. ಒಸಡಿನ ಮೇಲೆ ಆಸ್ಪಿರಿನ್ ಮಾತ್ರೆಯನ್ನಾಗಲಿ ಕಡ್ಡಿಪುಡಿಯನ್ನಾಗಲಿ ಒತ್ತಿ ಇಟ್ಟುಕೊಳ್ಳಬೇಡಿ. ಮಾತ್ರೆ ಒಸಡನ್ನು ಸುಡುತ್ತದೆ, ಪುಡಿಯ ಕೆಡುಕನ್ನು ನಿಮಗೆ ನಾನು ಹೇಳಬೇಕಿಲ್ಲ. ಮುಖ ಊದಿಕೊಂಡರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ದಿನ ನೋಡದೆ ಕೂಡಲೇ ಹೋಗಿ.

ಚಿಕಿತ್ಸೆಯ ಬಳಿಕ ಎರಡು ಮೂರು ದಿನ ಕಚ್ಚುವಾಗ ನೋವಿರುವುದು ಸಾಮಾನ್ಯ. ದವಡೆಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ಅದಕ್ಕೆ ಮೊದಲು ಆ ಬದಿಯಲ್ಲಿ ಗೋಟಡಿಕೆ ಕಚ್ಚಿದರೆ ಹಲ್ಲು ಸೀಳಿಹೋದೀತು, ಮಲೆನಾಡಿನವರಿಗೆ ಇದನ್ನು ಒತ್ತಿ ಹೇಳಬೇಕು.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ, ಯಾರೂ ನಗುವುದಿಲ್ಲ. ಬೆಳಗಿನ ಹೊತ್ತಿಗೇ ಸಮಯ ಕೇಳಿ, ಇಲ್ಲದಿದ್ದರೆ ದಿನವಿಡೀ ಅದನ್ನೇ ನೆನೆಯುತ್ತ ಕೂರುತ್ತೀರಿ. ತಿಂಡಿ ತಿಂದೇ ಹೊರಡಿ. ತನಗೆ ರೂಟ್ ಕೆನಾಲ್ ಆದಾಗ ಏನೇನಾಯಿತೆಂದು ದಾರಿಯುದ್ದಕ್ಕೂ ವರ್ಣಿಸುವ ನೆಂಟರು ಯಾರಾದರೂ ಹೊರಟು ನಿಂತರೆ, ಬಸ್ಸಿನಲ್ಲಿ ಸೀಟಿಲ್ಲ ಎಂದುಬಿಡಿ.

– ಸಂಪಾದಕ