ಶಿಕ್ಷಣ ಇಲಾಖೆಯ ಸುತ್ತೋಲೆಗಳು ಶಾಲೆಗೆ ತಡವಾಗಿ, ಗೊಂದಲವಾಗಿ ಮುಟ್ಟುತ್ತವೆ. ಕೆಲಸದಲ್ಲಿನ ವ್ಯರ್ಥ ಹಂತ, ಕಾಯುವಿಕೆಗಳನ್ನು ತೆಗೆದುಹಾಕುವ ಲೀನ್, ಅಂಕಿಅಂಶಗಳ ಮೂಲಕ ತಪ್ಪು ತಗ್ಗಿಸುವ ಸಿಕ್ಸ್ ಸಿಗ್ಮಾ ಎಂಬ ವಿಧಾನಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆಯೇ?

ಲೀನ್ ಖಂಡಿತ ಬರುತ್ತದೆ. ಸಿಕ್ಸ್ ಸಿಗ್ಮಾದ ಭಾರೀ ಲೆಕ್ಕಾಚಾರ ಸದ್ಯಕ್ಕೆ ಬೇಡ.

ಹೊಸ ಆ್ಯಪ್ ತರುವ ಮೊದಲು ಹಳೆಯ 20 ಸುತ್ತೋಲೆಗಳ ಜಾಡು ಹಿಡಿಯಿರಿ. ಕರಡು ಸಿದ್ಧವಾದದ್ದು, ಸಹಿ ಬಿದ್ದದ್ದು, ಕಳಿಸಿದ್ದು, ಶಾಲೆಯಲ್ಲಿ ತೆರೆದದ್ದು: ನಾಲ್ಕೂ ದಿನಾಂಕ ಬರೆದಿಡಿ. ಸಾಮಾನ್ಯವಾಗಿ ಬರೆಯಲು ಹಿಡಿದ ಸಮಯಕ್ಕಿಂತ ಕಡತ ಮೇಜಿನ ಮೇಲೆ ಕಾದ ಸಮಯವೇ ಹೆಚ್ಚು. ಸರಾಸರಿ ನೋಡಬೇಡಿ, ಸಿಕ್ಕಿಬಿದ್ದ ಒಂದೇ ಕಡತ ಅದನ್ನು ಕೆಡಿಸುತ್ತದೆ, ಮಧ್ಯಾಂಕ ನೋಡಿ, ಅಂದರೆ ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ. ನಡುವಿನ ಕಚೇರಿಗಳು ಬರೀ ಹೊದಿಕೆ ಪತ್ರ ಸೇರಿಸಿ ಮುಂದಕ್ಕೆ ತಳ್ಳುತ್ತಿದ್ದರೆ, ಅವರಿಗೂ ಶಾಲೆಗೂ ಒಟ್ಟಿಗೇ ಕಳಿಸಿ.

ಆಮೇಲೆ ಎರಡು ವಾರ, ಸ್ಪಷ್ಟನೆ ಕೇಳಿ ಬರುವ ಪ್ರತಿ ಫೋನ್ ಕರೆಗೂ ಒಂದು ಗೀಟು ಹಾಕಿ. “ಮಾಹಿತಿಯನ್ನು ಕೂಡಲೇ ಸಲ್ಲಿಸತಕ್ಕದ್ದು” ಎಂಬ ಸಾಲೇ ಅರ್ಧ ಕರೆಗಳಿಗೆ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ. ಕೂಡಲೇ ಎಂದರೆ ಯಾವತ್ತು? ಯಾವ ನಮೂನೆಯಲ್ಲಿ? ಯಾರು, ಏನು, ಯಾವ ದಿನಾಂಕದೊಳಗೆ ಎಂಬುದು ಮೊದಲ ಮೂರು ಸಾಲಿನಲ್ಲೇ ಇರಲಿ. ಉಲ್ಲೇಖಗಳು ಕೊನೆಗೆ ಹೋಗಲಿ.

ಇದನ್ನು 10 ಶಾಲೆಗಳಲ್ಲಿ ಒಂದು ತಿಂಗಳು ನಡೆಸಿ. ಎಣಿಸಬೇಕಾದದ್ದು ಕಳಿಸಿದ ಸುತ್ತೋಲೆಗಳನ್ನಲ್ಲ, ಗಡುವಿನೊಳಗೆ ತಿದ್ದುಪಡಿಯಿಲ್ಲದೆ ಬಂದ ಉತ್ತರಗಳನ್ನು.